ಸೋವಿಯತ್ ರೇಂಜ್‌ಫೈಂಡರ್ ಲೆನ್ಸ್‌ಗಳು

ಫೆಡ್, ಜೋರ್ಕಿ, ಕೀವ್ ಕ್ಯಾಮೆರಾಗಳಿಗಾಗಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಲೆನ್ಸ್‌ಗಳು. ಮೊದಲೆರಡಕ್ಕೆ 39 ಮಿ.ಮೀ. ತಿರುಪು, ಕೀವ್‌ಗೆ ಕಾಂಟ್ಯಾಕ್ಸ್ ಮಾದರಿಯ ಜೋಡಣೆ. ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಹಾಕಲು ಈ ಎರಡು ಬಗೆಯ ಜೋಡಣೆಗಳಿಗೂ ಬೇರೆ ಬೇರೆ ಅಡಾಪ್ಟರ್ ಬೇಕು. ಜುಪಿಟರ್-8 (50 ಮಿ.ಮೀ., ಎಫ್/2) ಜರ್ಮನಿಯ ಜೈಸ್ ಸೊನ್ನಾರ್ ವಿನ್ಯಾಸದಿಂದ ಬಂದದ್ದು, ಹೊಸದಾಗಿ ಕೊಳ್ಳುವವರಿಗೆ ಇದೇ ಒಳ್ಳೆಯ ಆರಂಭ. ಜುಪಿಟರ್-12ರ (35 ಮಿ.ಮೀ., ಎಫ್/2.8) ಹಿಂಬದಿ ಗಾಜು ಒಳಕ್ಕೆ ಚಾಚಿರುವುದರಿಂದ ಕೆಲವು ಡಿಜಿಟಲ್ ಕ್ಯಾಮೆರಾಗಳಿಗೆ ಅದು ಕೂರುವುದಿಲ್ಲ.

ಕೊಳ್ಳುವಾಗ ಟಾರ್ಚ್ ಹಾಯಿಸಿ ನೋಡಬೇಕು. ಗಾಜಿನ ಮೇಲೆ ಜೇಡನ ಬಲೆಯಂತೆ ಎಳೆಗಳು ಹಬ್ಬಿದ್ದರೆ ಅದು ಬೂಷ್ಟು, ಅಂಥದ್ದು ಬೇಡ. ಫೋಕಸ್ ಉಂಗುರ ಬಿಗಿಯಾಗಿದ್ದರೆ ಹೆದರಬೇಕಿಲ್ಲ, ಗಟ್ಟಿಯಾದ ಗ್ರೀಸ್ ತೆಗೆಸಿ ಹೊಸದು ಹಾಕಿಸಬಹುದು. ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಿಕೆಯ ವರ್ಷವನ್ನು ಸೂಚಿಸುತ್ತವೆ.

ಬಾದಾಮಿಯ ಗುಹೆಗಳು ಇಂಥ ಲೆನ್ಸ್‌ಗೆ ನಿಜವಾದ ಪರೀಕ್ಷೆ. ಕ್ರಿ.ಶ. 578ರ ಶಾಸನವುಳ್ಳ ಮೂರನೇ ಗುಹೆಯ ಪಡಸಾಲೆಯಲ್ಲಿ, ಅನಂತನ ಮೇಲೆ ಕುಳಿತ ವಿಷ್ಣುವಿನ ಎದುರು ನಿಂತರೆ ಒಂದು ಕಡೆ ಬಯಲಿನ ಉರಿಬಿಸಿಲು, ಇನ್ನೊಂದು ಕಡೆ ಕಂಬಗಳ ಹಿಂದಿನ ಕತ್ತಲು. ಈ ಲೆನ್ಸ್‌ಗಳ ಲೇಪನ ಇಂದಿನವುಗಳಷ್ಟು ಸಮರ್ಥವಲ್ಲ. ಬೆಳಕು ನೇರವಾಗಿ ಬಿದ್ದರೆ ಚಿತ್ರ ಮಸುಕಾಗುತ್ತದೆ. ಹುಡ್ ಹಾಕಿ, ಬಯಲಿಗೆ ಬೆನ್ನು ತಿರುಗಿಸಿ, ಎಫ್/4ರಲ್ಲಿ ತೆಗೆದರೆ ಕೆಂಪು ಮರಳುಗಲ್ಲಿನ ಪದರಗಳು, ಉಳಿಗುರುತುಗಳು ಸೊಗಸಾಗಿ ಮೂಡುತ್ತವೆ. ಜುಪಿಟರ್-8 ಒಂದು ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗದು. ಕಂಬದ ಕೆತ್ತನೆಯ ಸೂಕ್ಷ್ಮ ಬೇಕಿದ್ದರೆ ಮುಂದಕ್ಕೆ ಸರಿಯುವ ಅಡಾಪ್ಟರ್ ಬಳಸಬೇಕು.