ಆಫ್‌ರೋಡ್ ಗಾಡಿಗೆ ಬುಲ್ ಬಾರ್ ಅಲ್ಲ, ಬೇಕಿರೋದು ಸ್ಕಿಡ್ ಪ್ಲೇಟ್ ಮತ್ತು ರಿಕವರಿ ಪಾಯಿಂಟ್

ಆಫ್‌ರೋಡ್ ಅಂದ ಕೂಡಲೇ ನಮ್ಮಲ್ಲಿ ದುಡ್ಡು ಹೋಗೋದು ಕಣ್ಣಿಗೆ ಕಾಣುವ ಸಾಮಾನಿಗೆ: ದಪ್ಪ ಟೈರು, ಎಲ್‌ಇಡಿ ಲೈಟು, ಮುಂದೊಂದು ಬುಲ್ ಬಾರ್. ಆದರೆ ಕೊಡಗಿನ ಮಾಂದಲ್‌ಪಟ್ಟಿಯಂಥ ಕಲ್ಲು ದಾರಿಯಲ್ಲಿ ಗಾಡಿಯನ್ನೂ ಜನರನ್ನೂ ಕಾಯುವ ಎರಡು ವಸ್ತುಗಳು ಅಷ್ಟಾಗಿ ಕಾಣೋದಿಲ್ಲ. ಒಂದು, ಗಾಡಿಯ ಅಡಿಯಲ್ಲಿರುವ ಸ್ಕಿಡ್ ಪ್ಲೇಟ್. ಇನ್ನೊಂದು, ಗಾಡಿ ಹೂತಾಗ ಹಗ್ಗ ಹಾಕಿ ಎಳೆಯುವ ರಿಕವರಿ ಪಾಯಿಂಟ್.

ಸ್ಕಿಡ್ ಪ್ಲೇಟ್

ಎಂಜಿನ್ ಆಯಿಲ್ ಇರುವ ಸಂಪ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡೀಸೆಲ್ ಟ್ಯಾಂಕ್ – ಕಲ್ಲಿಗೆ ಮೊದಲು ಸಿಗುವುದು ಇವೇ. ಸಂಪ್ ಒಡೆದು ಆಯಿಲ್ ಸೋರಿದರೆ ಎಂಜಿನ್ ಸೀಜ್ ಆಗೋಕೆ ಕೆಲವು ನಿಮಿಷ ಸಾಕು. ಹಲವು ಗಾಡಿಗಳಿಗೆ ಕಂಪನಿಯವರೇ ಹಾಕಿರುವ ಪ್ಲಾಸ್ಟಿಕ್ ಕವರ್ ಕೆಸರು, ಧೂಳು ತಡೆಯುತ್ತದೆ, ಕಲ್ಲನ್ನಲ್ಲ.

3 ಮಿ.ಮೀ. ಉಕ್ಕಿನ ಹಾಳೆ ಚದರ ಮೀಟರಿಗೆ ಸುಮಾರು 23.5 ಕೆ.ಜಿ. ತೂಗುತ್ತದೆ. 6 ಮಿ.ಮೀ. ಅಲ್ಯೂಮಿನಿಯಂ ಸುಮಾರು 16 ಕೆ.ಜಿ. ಉಕ್ಕು ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ, ಬಗ್ಗಿದರೆ ಬಡಿದು ಸರಿ ಮಾಡಬಹುದು, ಆದರೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಚೂಪು ಕಲ್ಲಿಗೆ ಕಚ್ಚಿಕೊಳ್ಳುತ್ತದೆ.

ಪ್ಲೇಟನ್ನು ಬಿಗಿಯಬೇಕಾದ್ದು ಚಾಸಿಗೆ ಅಥವಾ ಅದರ ಅಡ್ಡಪಟ್ಟಿಗೆ. ಸಂಪ್‌ಗೋ ಗೇರ್‌ಬಾಕ್ಸ್‌ಗೋ ಬಿಗಿದರೆ ಪೆಟ್ಟು ನೇರ ಅಲ್ಲಿಗೇ ಹೋಗುತ್ತದೆ. ಪ್ಲೇಟ್ ಬಗ್ಗಿದರೂ ಸಂಪ್‌ಗೆ ತಾಗದಷ್ಟು ಸಂದು ಇರಲಿ, ಆಯಿಲ್ ಬದಲಿಸಲು ತೂತು ಇರಲಿ. ಒಳಗೆ ಸಿಕ್ಕಿದ ಒಣಹುಲ್ಲು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳಬಹುದು. ಹಾಗಾಗಿ ಪ್ರತಿ ಪ್ರಯಾಣದ ನಂತರ ತೊಳೆಯಲೇಬೇಕು.

ರಿಕವರಿ ಪಾಯಿಂಟ್

ಗಾಡಿಯ ಅಡಿಯಲ್ಲಿ ಕಾಣುವ ಎಲ್ಲ ಕೊಂಡಿಯೂ ಎಳೆಯೋಕಲ್ಲ. ಕೆಲವು ಇರೋದು ಲಾರಿಯಲ್ಲಿ ಸಾಗಿಸುವಾಗ ಕಟ್ಟಿಹಾಕಲು. ಬಂಪರಿಗೆ ತಿರುಗಿಸಿ ಹಾಕುವ ಟೋ ಹುಕ್ ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಎಳೆಯಲು ಮಾತ್ರ.

ಅತ್ಯಂತ ಅಪಾಯಕಾರಿ ಅಂದ್ರೆ ಟ್ರೇಲರ್ ಸಿಕ್ಕಿಸುವ ಟೋ ಬಾಲ್. 2 ಟನ್ ಗಾಡಿ ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 17 ಕಿಲೋಜೂಲ್, ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಹಿಗ್ಗುವ ನೈಲಾನ್ ಹಗ್ಗದಲ್ಲಿ ಇದರ ಬಹುಪಾಲು ಶೇಖರವಾಗುತ್ತದೆ. ಬಾಲ್ ಮುರಿದರೆ ಅದು ಗುಂಡಿನಂತೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ.

ಸರಿಯಾದ ಪಾಯಿಂಟ್ ನೇರ ಚಾಸಿಗೆ ಕೂತಿರುತ್ತದೆ. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಗುರುತು ಇರಬೇಕು. ಮುಕ್ಕಾಲು ಇಂಚಿನ ಶ್ಯಾಕಲ್ ಮೇಲೆ 4.75 ಟನ್ ಎಂದು ಅಚ್ಚಾಗಿರುತ್ತದೆ. ಅಚ್ಚಿಲ್ಲದ್ದನ್ನು ಕೊಳ್ಳಬೇಡಿ.

ಕಾನೂನು ಏನು ಹೇಳುತ್ತೆ?

ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಅದು ಮಾರಕ ಅನ್ನೋದು ಕಾರಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ಚಾಸಿ ಕೊರೆಯುವುದು, ವೆಲ್ಡ್ ಮಾಡುವುದು ಬೇಡ. ಇರುವ ತೂತುಗಳಿಗೇ ಕೂರುವ, ಸಾಧ್ಯವಾದರೆ ಕಂಪನಿಯದ್ದೇ ಭಾಗ ಹಾಕಿಸಿ. ಅನುಮಾನವಿದ್ದರೆ ಆರ್‌ಟಿಒಗೆ ಲಿಖಿತವಾಗಿ ಕೇಳಿ.

ಹಗ್ಗ ಬಿಗಿಯಾಗುವಾಗ ಪಕ್ಕದಲ್ಲಿ ನಿಂತಿರೋದು ಯಾರು? ಬಾಡಿಗೆ ಜೀಪಿನ ಡ್ರೈವರ್, ತೋಟದ ಕೂಲಿಕಾರರು, ನೂಕೋಕೆ ಓಡಿ ಬಂದ ಊರಿನ ಹುಡುಗರು. ಗಾಡಿ ನಿಮ್ಮದು, ಅಪಾಯ ಅವರದ್ದು. ಎಳೆಯುವ ಮುನ್ನ ಎಲ್ಲರನ್ನೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿ, ಹಗ್ಗದ ನೇರಕ್ಕಂತೂ ಯಾರೂ ಇರಬಾರದು.