ಚೌಳುಮಣ್ಣಿನಿಂದ ಕೊಳವೆಬಾವಿಯವರೆಗೆ: ಚಿತ್ರದುರ್ಗ ಸೀಮೆ ಮತ್ತು ಪದವಿ ತರಗತಿಗಳ ರಸಾಯನವಿಜ್ಞಾನ ಪ್ರಯೋಗಾಲಯ

ವಿಜ್ಞಾನ ಪದವಿಗೆ ಸೇರಿದ ವಿದ್ಯಾರ್ಥಿಗಳು ರಸಾಯನವಿಜ್ಞಾನದ ಪ್ರಯೋಗಾಲಯದಲ್ಲಿ ಮೂರು ವರ್ಷ ಕೆಲಸ ಮಾಡುತ್ತಾರೆ. ಲವಣಗಳ ಮಿಶ್ರಣದಲ್ಲಿ ಅಡಗಿರುವ ಅಯಾನುಗಳನ್ನು ಗುರುತಿಸುತ್ತಾರೆ. ಬ್ಯುರೆಟ್ಟಿನ ಅಳತೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಆ ಮಿಶ್ರಣದಲ್ಲಿ ಏನಿದೆ ಎಂಬುದು ಅದನ್ನು ಸಿದ್ಧಪಡಿಸಿಕೊಟ್ಟವರಿಗೆ ಮೊದಲೇ ಗೊತ್ತಿರುತ್ತದೆ. ಅಧ್ಯಾಪಕರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಕೈಯಾರೆ ಬಿಡಿಸಿ ನೋಡುವ ಅವಕಾಶ ಈ ಮೂರು ವರ್ಷಗಳಲ್ಲಿ ಹೆಚ್ಚಿನವರಿಗೆ ಒಮ್ಮೆಯೂ ದೊರೆಯುವುದಿಲ್ಲ. ಪ್ರಾಯೋಗಿಕ ತರಗತಿಗೂ ಸಂಶೋಧನೆಗೂ ಇರುವ ಈ ಅಂತರ ಹೇಗೆ ಉಂಟಾಯಿತು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಅದನ್ನು ಹೇಗೆ ತುಂಬಬಹುದು ಎಂಬುದನ್ನು ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಲೇಜಿಗಿಂತ ಮೊದಲಿನ ರಸಾಯನ

ಈ ಸೀಮೆಗೆ ರಸಾಯನಕ್ರಿಯೆಗಳ ಪರಿಚಯ ಕಾಲೇಜುಗಳಿಂದ ಆದುದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಗಿ ಗಾಜು ತಯಾರಿಸುತ್ತಿದ್ದ ಕುಲುಮೆಗಳನ್ನು ವಿವರಿಸಿದ್ದಾನೆ. ಹಸಿರು, ಕೆಂಪು, ಕಪ್ಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ಅಲ್ಲಿ ಸಿದ್ಧವಾಗುತ್ತಿತ್ತು. ಅದಕ್ಕೆ ಬೇಕಾದ ಸಾಮಗ್ರಿಗಳು ಸುತ್ತಮುತ್ತಲೇ ದೊರೆಯುತ್ತಿದ್ದವು. ಚೌಳುಮಣ್ಣಿನ ಸೋಡಾ, ಬಿಳಿಗಲ್ಲಿನ ಸಿಲಿಕ, ಬಣ್ಣಕ್ಕೆ ಲೋಹದ ಆಕ್ಸೈಡುಗಳು ಇದ್ದರೆ ಗಾಜಿನ ರಸಾಯನ ಪೂರ್ಣವಾಗುತ್ತದೆ. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರದ ಅದಿರು, ಹೊಳಲ್ಕೆರೆ ಮತ್ತು ಹೊಸದುರ್ಗದ ಬೆಟ್ಟಸಾಲುಗಳ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳು ಇದೇ ನೆಲದ ಸಂಪತ್ತು. ಲವಣ ವಿಶ್ಲೇಷಣೆಯ ಪಾಠದಲ್ಲಿ ಬರುವ ಅಯಾನುಗಳಲ್ಲಿ ಹಲವು ಈ ಜಿಲ್ಲೆಯ ಮಣ್ಣುಕಲ್ಲುಗಳಲ್ಲಿಯೇ ಇವೆ. ಆದರೂ ತರಗತಿಯಲ್ಲಿ ಅವು ಸೀಸೆಯೊಳಗಿನ ಪುಡಿಯಾಗಿಯೇ ವಿದ್ಯಾರ್ಥಿಗೆ ಪರಿಚಯವಾಗುತ್ತವೆ.

ಗೀಸೆನ್‌ನಿಂದ ಬೆಂಗಳೂರಿಗೆ

ವಿದ್ಯಾರ್ಥಿಗಳನ್ನೇ ಪ್ರಯೋಗಾಲಯದಲ್ಲಿ ನಿಲ್ಲಿಸಿ ಸಂಶೋಧನೆಯ ಮೂಲಕ ರಸಾಯನವಿಜ್ಞಾನವನ್ನು ಕಲಿಸುವ ಪದ್ಧತಿಗೆ ಭದ್ರವಾದ ರೂಪ ದೊರೆತದ್ದು ಜರ್ಮನಿಯ ಗೀಸೆನ್‌ನಲ್ಲಿ. 1824ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಲೀಬಿಗ್ ಇದರ ಪ್ರವರ್ತಕರು. ಅವರ ಶಿಷ್ಯ ಹಾಫ್‌ಮನ್ 1845ರಲ್ಲಿ ಲಂಡನ್ನಿಗೆ ಬಂದು ಈ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಿದರು. 1856ರಲ್ಲಿ ಹಾಫ್‌ಮನ್ನರ ವಿದ್ಯಾರ್ಥಿ ಪರ್ಕಿನ್, ತನ್ನ 18ನೆಯ ವಯಸ್ಸಿನಲ್ಲಿ, ರಜೆಯ ದಿನಗಳಲ್ಲಿ ಕ್ವಿನೈನ್ ತಯಾರಿಸಲು ಹೊರಟು ಮೊದಲ ಕೃತಕ ಬಣ್ಣಗಳಲ್ಲಿ ಒಂದಾದ ಮಾವ್ ಅನ್ನು ಪಡೆದದ್ದು ಪ್ರಸಿದ್ಧ ಸಂಗತಿ. ಹುಡುಕಿದ್ದು ಸಿಗಲಿಲ್ಲ; ಆದರೆ ಸಿಕ್ಕಿದ್ದು ಏನೆಂದು ವಿಚಾರಿಸುವ ಅಭ್ಯಾಸ ಆ ವಿದ್ಯಾರ್ಥಿಗೆ ಇತ್ತು.

1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ರ್‍ಯಾಮ್ಸೆಯವರೊಂದಿಗೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದ ರಸಾಯನವಿಜ್ಞಾನಿ ಅವರು. ಸಂಶೋಧನೆಯ ಪರಂಪರೆ ಹೀಗೆ ಮೈಸೂರು ಸಂಸ್ಥಾನಕ್ಕೆ ಬಂದಿತಾದರೂ ಆ ಸಂಸ್ಥೆ ಪದವಿ ಪಡೆದು ಬಂದವರಿಗೆ ಮೀಸಲಾಗಿತ್ತು. ನಾಲ್ಕು ವರ್ಷಗಳ ವಿಜ್ಞಾನ ಪದವಿ ಕಾರ್ಯಕ್ರಮ ಅಲ್ಲಿ ಆರಂಭವಾದದ್ದು 2011ರಲ್ಲಿ. ಪದವಿ ಶಿಕ್ಷಣದ ಹೊಣೆಯನ್ನು ಹೊತ್ತವು ಕಾಲೇಜುಗಳು. ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜುಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದವು.

ಕಾಲೇಜಿನಲ್ಲಿ ಸಂಶೋಧನೆ ಸಾಧ್ಯವಿಲ್ಲ ಎಂಬ ಮಾತಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಉತ್ತರವಾಗಿದೆ. ಅಲ್ಲಿ ಬಿ. ಸಂಜೀವರಾವ್ ಕಲಿಲಗಳ ಅಧ್ಯಯನದ ಪರಂಪರೆಯನ್ನು ಬೆಳೆಸಿದರು. ಕೆ. ಸುಬ್ಬರಾವ್ 1941ರಲ್ಲಿ ನೀರಿನ ಹೀರಿಕೆಯಲ್ಲಿ ಕಂಡುಬರುವ ಹಿಸ್ಟರೆಸಿಸ್ ಕುರಿತು ಸರಣಿ ಪ್ರಬಂಧಗಳನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಸ್ತುವೊಂದು ತೇವವನ್ನು ಹೀರುವಾಗ ಹಿಡಿಯುವ ದಾರಿ ಒಂದು, ಬಿಟ್ಟುಕೊಡುವಾಗ ಹಿಡಿಯುವ ದಾರಿ ಇನ್ನೊಂದು. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದೇ ಅವರ ಪ್ರಶ್ನೆ. ಆ ಸರಣಿಯಲ್ಲಿ ಧಾನ್ಯಗಳ ಮೇಲಿನ ಪ್ರಯೋಗಗಳೂ ಇವೆಯೆಂಬುದು ಗಮನಾರ್ಹ. ಅಡುಗೆಮನೆಯ ಕಾಳು ಕೂಡ ಮೂಲಭೂತ ಸಂಶೋಧನೆಯ ವಸ್ತುವಾಯಿತು. ಅಲ್ಲಿ ನಿರ್ಣಾಯಕವಾದದ್ದು ಸಾಮಗ್ರಿಯ ಬೆಲೆಯಲ್ಲ, ಪ್ರಶ್ನೆಯ ಸ್ಪಷ್ಟತೆ.

ಪರೀಕ್ಷೆಯ ಆಳ್ವಿಕೆ

ಈ ಮಾದರಿ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ ಏಕೆ ಹರಡಲಿಲ್ಲ? ಮುಖ್ಯ ಕಾರಣ ಸಂಯೋಜನೆಯ ಪದ್ಧತಿಯಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ನಂತರ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೂ, 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೂ ಸೇರುತ್ತ ಬಂದವು. ವಿಶ್ವವಿದ್ಯಾನಿಲಯ ಬದಲಾದರೂ ವ್ಯವಸ್ಥೆ ಬದಲಾಗಲಿಲ್ಲ. ಹತ್ತಾರು ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೇ ಪರೀಕ್ಷೆ ನಡೆಯಬೇಕಾದರೆ ಪ್ರಯೋಗಗಳೂ ಒಂದೇ ಆಗಿರಬೇಕು, ಉತ್ತರಗಳೂ ಮೊದಲೇ ಗೊತ್ತಿರಬೇಕು. ನ್ಯಾಯಯುತವಾದ ಮೌಲ್ಯಮಾಪನಕ್ಕೆ ಇದು ಅನಿವಾರ್ಯ. ಕಿಪ್ ಉಪಕರಣದ ವಾಸನೆಯ ನಡುವೆ ಕಲಿತ ಕೈಚಳಕವನ್ನು ಹಗುರವಾಗಿ ಕಾಣುವಂತಿಲ್ಲ; ಅದಿಲ್ಲದೆ ಸಂಶೋಧನೆಯೂ ಇಲ್ಲ. ಆದರೆ ಅಳತೆ ನಿರೀಕ್ಷೆಗೆ ಹೊಂದದಿದ್ದಾಗ ಕಾರಣವನ್ನು ಹುಡುಕುವ ಬದಲು ಅಳತೆಯನ್ನೇ ತಿದ್ದುವ ಪ್ರವೃತ್ತಿಯನ್ನು ಈ ವ್ಯವಸ್ಥೆ ಬೆಳೆಸಿತು. ಪರ್ಕಿನ್ ಇಂತಹ ಪರೀಕ್ಷೆಗೆ ಕುಳಿತಿದ್ದರೆ ಅನುತ್ತೀರ್ಣನಾಗುತ್ತಿದ್ದ.

ಆಯ್ದ ಕೆಲವರಿಗೆ ತೆರೆದ ಬಾಗಿಲು

ಈ ಕೊರತೆಯನ್ನು ನೀಗಿಸುವ ಪ್ರಯತ್ನಗಳು ನಡೆದಿವೆ. 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಪ್ರಾಜೆಕ್ಟ್ ಓರಿಯಂಟೆಡ್ ಕೆಮಿಕಲ್ ಎಜುಕೇಷನ್ ಎಂಬ ಕಾರ್ಯಕ್ರಮವನ್ನು ರೂಪಿಸಿತು. ಇದರಲ್ಲಿ ಪದವಿ ತರಗತಿಯ ಕೆಲವು ವಿದ್ಯಾರ್ಥಿಗಳು ಬೇಸಿಗೆ ರಜೆಗಳಲ್ಲಿ ಸಂಶೋಧಕರೊಂದಿಗೆ ಕೆಲಸ ಮಾಡುತ್ತಾರೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೇ ಬಗೆಯದು. ಚಿತ್ರದುರ್ಗ ಜಿಲ್ಲೆಯಲ್ಲಿಯೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಅಧ್ಯಾಪಕರಿಗೆ ಪ್ರಯೋಗಸಹಿತ ತರಬೇತಿಯನ್ನು ನೀಡುತ್ತ ಬಂದಿದೆ. ಇವೆಲ್ಲ ಮೌಲಿಕ ಪ್ರಯತ್ನಗಳು. ಆದರೆ ಬೇಸಿಗೆಯ ಕಾರ್ಯಕ್ರಮಗಳು ಸ್ವಭಾವತಃ ಆಯ್ದ ಕೆಲವರಿಗೆ ಮಾತ್ರ. ಹೊಸದುರ್ಗದ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬಂದು ಸಂಜೆ ಮನೆಗೆ ಮರಳಬೇಕಾದ ವಿದ್ಯಾರ್ಥಿನಿಗೆ ಅವು ಬಹುದೂರ.

2021-22ರಲ್ಲಿ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದಾಗ, ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನ ದೊರೆಯುವ ಭರವಸೆ ಮೂಡಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳುವ ನಿರ್ಧಾರ ಕೈಗೊಂಡಿತು. ಬಡ ಕುಟುಂಬಗಳಿಗೆ ಒಂದು ವರ್ಷದ ಹೊರೆ ತಪ್ಪಿತು ಎಂಬುದು ನಿಜ. ಆದರೆ ಸಂಶೋಧನೆಗೆಂದು ಮೀಸಲಾಗಿದ್ದ ಕಾಲವೂ ಹೋಯಿತು. ಇನ್ನು ಅದಕ್ಕೆ ಈ ಮೂರು ವರ್ಷಗಳ ಒಳಗೇ ಎಡೆಮಾಡಬೇಕಾಗಿದೆ.

ಊರಿನ ನೀರೇ ಪ್ರಶ್ನೆ

ಎಡೆ ಇದೆ ಎಂಬುದಕ್ಕೆ ಈ ಸೀಮೆಯ ಅಂತರ್ಜಲವೇ ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ಆಕರವಿಲ್ಲದಿದ್ದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಇದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲುಗಳು ಕಲೆಗಟ್ಟುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗಳು ಬಾಧಿತವಾಗುತ್ತವೆ. ಕಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಬರುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವಲ್ಲಿ ಅದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಒತ್ತರಿಸಬಲ್ಲುದು. ಕ್ಯಾಲ್ಸಿಯಂ ಕಡಿಮೆಯಿದ್ದು ಬೈಕಾರ್ಬೊನೇಟ್ ಹೆಚ್ಚಿರುವಲ್ಲಿ ನೀರಿನಲ್ಲಿಯೇ ಉಳಿಯುತ್ತದೆ. ಈ ಸಂಬಂಧ ಹಿರಿಯೂರಿನ ಒಂದು ನಿರ್ದಿಷ್ಟ ಹಳ್ಳಿಯ ಬಾವಿಗಳಲ್ಲಿ ಎಷ್ಟರಮಟ್ಟಿಗೆ ನಿಜ? ಮಳೆಗಾಲದ ಮೊದಲು ಮತ್ತು ನಂತರ ಅದು ಬದಲಾಗುತ್ತದೆಯೆ? ವಾಣಿವಿಲಾಸ ಸಾಗರದ ನಾಲೆಯ ಸಮೀಪದ ಬಾವಿಗೂ ದೂರದ ಬಾವಿಗೂ ವ್ಯತ್ಯಾಸವಿದೆಯೆ? ಇವುಗಳಿಗೆ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ.

ಬೇಕಾದ ಅಳತೆಗಳು ಮೂರು. ಕ್ಯಾಲ್ಸಿಯಮ್ಮನ್ನು ಇ.ಡಿ.ಟಿ.ಎ. ಅನುಮಾಪನದಿಂದ, ಕ್ಷಾರೀಯತೆಯನ್ನು ಆಮ್ಲದ ಅನುಮಾಪನದಿಂದ ತಿಳಿಯಬಹುದು; ಇವೆರಡೂ ಪದವಿ ತರಗತಿಗೆ ಪರಿಚಿತವಾದ ವಿಧಾನಗಳು. ಮೂರನೆಯದಾದ ಫ್ಲೋರೈಡನ್ನು ಜಿರ್ಕೋನಿಯಂ-ಅಲಿಜರಿನ್ ದ್ರಾವಣದ ಕೆಂಪು ಹಳದಿಯತ್ತ ತಿರುಗುವುದನ್ನು ಹೋಲಿಸಿ ಅಂದಾಜು ಮಾಡಬಹುದು. ಸಲ್ಫೇಟು, ಫಾಸ್ಫೇಟುಗಳು ಈ ಬಣ್ಣವನ್ನು ಕೆಡಿಸುತ್ತವೆ. ಆಗ ಫಲಿತಾಂಶವನ್ನು ಸಂಶಯಿಸುವುದು, ಖಾಲಿ ಮಾದರಿಯೊಂದಿಗೆ ಹೋಲಿಸುವುದು, ಅಳತೆಯನ್ನು ಮರಳಿ ಮಾಡುವುದು ಅನಿವಾರ್ಯವಾಗುತ್ತದೆ. ಸಂಶೋಧನೆಯ ಶಿಸ್ತು ಎಂಬುದು ಇದೇ. ಇಲ್ಲಿ ಅಳತೆಯನ್ನು ತಿದ್ದಿದರೆ ಕಡಿಮೆಯಾಗುವುದು ಅಂಕವಲ್ಲ. ಒಂದು ಮನೆಯವರು ಕುಡಿಯುವ ನೀರಿನ ಬಗ್ಗೆ ತಪ್ಪು ಮಾಹಿತಿ ಹೋಗುತ್ತದೆ. ಈ ಹೊಣೆಯ ಅರಿವೇ ವಿದ್ಯಾರ್ಥಿಯನ್ನು ಪ್ರಾಮಾಣಿಕವಾಗಿ ಅಳೆಯುವಂತೆ ಮಾಡುತ್ತದೆ.

ಉಪಸಂಹಾರ

ಮತ್ತೋಡಿನ ಕುಲುಮೆ, ಸೆಂಟ್ರಲ್ ಕಾಲೇಜಿನ ಧಾನ್ಯ, ಹಿರಿಯೂರಿನ ಬಾವಿನೀರು ಇವು ಒಂದೇ ಸಂಗತಿಯನ್ನು ಹೇಳುತ್ತವೆ: ಕೈಗೆಟಕುವ ವಸ್ತುವಿನಿಂದಲೇ ರಸಾಯನವಿಜ್ಞಾನ ಆರಂಭವಾಗಬಲ್ಲುದು. ಅಂತಿಮ ವರ್ಷದ ಪ್ರಾಯೋಗಿಕ ಅವಧಿಯಲ್ಲಿ ಕೆಲವು ವಾರಗಳನ್ನು ಇಂತಹ ಒಂದು ಪ್ರಶ್ನೆಗೆ ಬಿಟ್ಟುಕೊಟ್ಟು, ಬಂದ ಉತ್ತರಕ್ಕಿಂತ ಅದನ್ನು ತಲುಪಿದ ಕ್ರಮಕ್ಕೆ ಅಂಕ ನೀಡುವ ನಿಯಮವನ್ನು ವಿಶ್ವವಿದ್ಯಾನಿಲಯಗಳು ರೂಪಿಸುವುದು ಅಸಾಧ್ಯವೇನಲ್ಲ. ನಾಲ್ಕನೆಯ ವರ್ಷ ಇಲ್ಲವಾದ ಈ ಸಂದರ್ಭದಲ್ಲಿ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗೆ ಸಂಶೋಧನೆಯ ಅನುಭವ ದೊರೆಯಲು ಉಳಿದಿರುವ ಮಾರ್ಗ ಇದೇ ಆಗಿದೆ.