ದರೋಜಿ ಸೀಮೆಯ ಬೂದಿಯೂ ಹೊಗೆಗಾಳಿಯ ಸಂಸ್ಕಾರವೂ

ಬಳ್ಳಾರಿ ಹೊಸಪೇಟೆಗಳ ನಡುವಣ ರೈಲುಮಾರ್ಗದಲ್ಲಿರುವ ಕುಡತಿನಿ, ದರೋಜಿ, ತೋರಣಗಲ್ಲುಗಳ ಸೀಮೆಯು ತನ್ನ ಬೂದಿದಿಬ್ಬಗಳಿಂದ ಚರಿತ್ರಕಾರರಿಗೆ ಬಹುಕಾಲದಿಂದ ಪರಿಚಿತವಾದುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ನಂಬುತ್ತ ಬಂದಿದ್ದಾರೆ. ಕುಡತಿನಿಯ ದಿಬ್ಬವನ್ನು ನ್ಯೂಬೋಲ್ಡನು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ವರ್ಣಿಸಿದನು. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ಬೂದಿಯೆಂಬುದು ಜಾಯ್ನರ್ ಅವರ ೧೯೬೦ರ ಪರೀಕ್ಷೆಯಿಂದಲೂ ಆಲ್ಚಿನ್ ಅವರ ೧೯೬೩ರ ಗ್ರಂಥದಿಂದಲೂ ದೃಢಪಟ್ಟಿತು. ಅದೇ ಕುಡತಿನಿಯಲ್ಲಿ ಈಗ ಕರ್ನಾಟಕ ವಿದ್ಯುತ್ ನಿಗಮದ ೫೦೦, ೫೦೦ ಮತ್ತು ೭೦೦ ಮೆಗಾವಾಟ್‌ಗಳ ಮೂರು ಘಟಕಗಳು ಕಲ್ಲಿದ್ದಲನ್ನು ಉರಿಸುತ್ತಿವೆ. ಹಿಂದಿನ ಬೂದಿ ಬಿದ್ದಲ್ಲಿಯೇ ನಿಂತಿತು. ಇಂದಿನದು ಹೊಗೆಯೊಡನೆ ಹಾರುವಂಥದು. ಅದನ್ನು ಹಿಡಿಯಲು ಹೊಗೆಗಾಳಿಯನ್ನು ಹದಗೊಳಿಸುವ ಕ್ರಮದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ. ‘ಕಂಡಿಷನಿಂಗ್’ ಎನ್ನುವ ಈ ಕ್ರಮಕ್ಕೆ ಕನ್ನಡದಲ್ಲಿ ‘ಸಂಸ್ಕಾರ’ವೆಂಬ ಹೆಸರು ಒಪ್ಪುವುದು.

ಹೊಗೆಯನ್ನು ವಿದ್ಯುತ್ತಿನಿಂದ ತಿಳಿಯಾಗಿಸಬಹುದೆಂಬುದನ್ನು ಲೈಪ್‌ಜಿಗ್ ನಗರದ ಹೋಲ್‌ಫೆಲ್ಡ್ ೧೮೨೪ರಲ್ಲಿ ತೋರಿಸಿದನು. ಸುಮಾರು ೧೮೮೫ರಲ್ಲಿ ಆಲಿವರ್ ಲಾಜ್ ಇದನ್ನು ವೇಲ್ಸಿನ ಸೀಸದ ಕಾರ್ಖಾನೆಯೊಂದರಲ್ಲಿ ಪ್ರಯೋಗಿಸಿ ವಿಫಲನಾದನು. ಆಗಿನ ಯಂತ್ರದ ವಿದ್ಯುತ್ತು ಸಾಲದೆಹೋದುದು ಒಂದು ಕಾರಣ. ಸೀಸದ ಹೊಗೆಯ ಕಣಗಳು ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡದಿದ್ದುದು ಮತ್ತೊಂದು. ಕ್ಯಾಲಿಫೋರ್ನಿಯದ ಫ್ರೆಡರಿಕ್ ಕಾಟ್ರೆಲ್ ಗಂಧಕಾಮ್ಲದ ಮಂಜನ್ನು ಹಿಡಿಯುವುದರಲ್ಲಿ ಕೃತಕೃತ್ಯನಾಗಿ ೧೯೦೮ರಲ್ಲಿ ಪೇಟೆಂಟನ್ನು ಪಡೆದನು. ೧೯೨೩ರಲ್ಲಿ ಅಮೆರಿಕದ ಟ್ರೆಂಟನ್ ಚಾನಲ್ ವಿದ್ಯುತ್ ಕೇಂದ್ರದಲ್ಲಿ ಈ ಉಪಕರಣವು ಕಲ್ಲಿದ್ದಲಿನ ಹಾರುಬೂದಿಗೆ ಉಪಯೋಗವಾಯಿತು.

ಕಾರ್ಖಾನೆಗಳಲ್ಲಿ ಇ. ಎಸ್. ಪಿ. ಎಂದು ಕರೆಯುವ ಈ ಉಪಕರಣದಲ್ಲಿ ಲೋಹದ ಹಲಗೆಗಳ ನಡುವೆ ತಂತಿಗಳು ತೂಗುತ್ತಿರುವುವು. ತಂತಿಗಳಿಗೆ ಹತ್ತಾರು ಸಾವಿರ ವೋಲ್ಟುಗಳ ಋಣವಿದ್ಯುತ್ತನ್ನು ಹಾಯಿಸಿದಾಗ ಬೂದಿಯ ಕಣಗಳು ಆವೇಶಗೊಂಡು ಹಲಗೆಗೆ ಅಂಟಿಕೊಳ್ಳುವುವು. ಸುತ್ತಿಗೆಗಳು ಹಲಗೆಯನ್ನು ಬಡಿದಾಗ ಕೆಳಗಿನ ಕೊಳವಿಗೆಗೆ ಉದುರುವುವು. ಆದರೆ ಹಲಗೆಯನ್ನು ಸೇರಿದ ಕಣವು ತನ್ನ ಆವೇಶವನ್ನು ಅದಕ್ಕೆ ಬಿಟ್ಟುಕೊಡಬೇಕು. ಬೂದಿಯ ಪದರವು ವಿದ್ಯುತ್ತನ್ನು ಅತಿಯಾಗಿ ತಡೆದರೆ, ಆ ಪದರದೊಳಗಿನ ಗಾಳಿಯೇ ಸಿಡಿದು ವಿರುದ್ಧಾವೇಶದ ಕಣಗಳನ್ನು ಹಿಂದಕ್ಕೆ ಚೆಲ್ಲುವುದು. ಇದಕ್ಕೆ ಹಿಮ್ಮುಖ ಕೊರೋನವೆಂದು ಹೆಸರು. ಆಗ ಹಿಡಿಯುವ ಯಂತ್ರವೇ ಬಿಡುವ ಯಂತ್ರವಾಗುವುದು.

ನಮ್ಮ ದೇಶದ ಕಲ್ಲಿದ್ದಲಿನ ತೊಡಕು ಇಲ್ಲಿಯೇ ಇರುವುದು. ಗೋಂಡ್ವಾನ ಸ್ತರಗಳ ಕಲ್ಲಿದ್ದಲಿನಲ್ಲಿ ಬೂದಿ ಸಾಮಾನ್ಯವಾಗಿ ನೂರಕ್ಕೆ ೩೫ರಿಂದ ೪೫ ಭಾಗ. ಗಂಧಕವೋ ಸುಮಾರು ಅರ್ಧ ಭಾಗ ಮಾತ್ರ. ಬೂದಿಯ ಬಹುಭಾಗ ಸಿಲಿಕ ಮತ್ತು ಅಲ್ಯುಮಿನಗಳು. ಇವು ವಿದ್ಯುತ್ತನ್ನು ತಡೆಯುವಂಥವು. ಗಂಧಕವು ಹೆಚ್ಚಾಗಿದ್ದರೆ ಅದರ ಅಲ್ಪಾಂಶವು ಟ್ರೈಆಕ್ಸೈಡ್ ಆಗಿ, ಹೊಗೆಯ ನೀರಾವಿಯೊಡನೆ ಕೂಡಿ, ಕಣಗಳ ಮೇಲೆ ಆಮ್ಲದ ತೆಳುಪೊರೆಯನ್ನು ಕಟ್ಟಿ ವಿದ್ಯುತ್ತಿಗೆ ದಾರಿಯಾಗುತ್ತಿತ್ತು. ಅಂತು ಗಂಧಕದ ಅಲ್ಪತೆಯೆಂಬ ಸದ್ಗುಣವೇ ಬೂದಿಯನ್ನು ಹಿಡಿಯುವುದಕ್ಕೆ ಅಡ್ಡಿಯಾಗಿ ಪರಿಣಮಿಸಿತು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ೧೯೭೦ರ ವಾಯುಶುದ್ಧಿ ಶಾಸನದ ತರುವಾಯ ಅಮೆರಿಕದ ಅನೇಕ ಕೇಂದ್ರಗಳು ಗಂಧಕ ಕಡಮೆಯಿರುವ ಪಶ್ಚಿಮ ಸಂಸ್ಥಾನಗಳ ಕಲ್ಲಿದ್ದಲಿಗೆ ತಿರುಗಿದಾಗ, ಅದುವರೆಗೆ ಚೆನ್ನಾಗಿ ನಡೆಯುತ್ತಿದ್ದ ಉಪಕರಣಗಳು ಸೋತುವು; ಸಂಸ್ಕಾರಕ್ರಮವು ಅಲ್ಲಿ ಹರಡಿತು. ಗಂಧಕವನ್ನು ಸುಟ್ಟು, ವನೇಡಿಯಮ್ ವೇಗವರ್ಧಕದ ಮೇಲೆ ಹಾಯಿಸಿ ಟ್ರೈಆಕ್ಸೈಡ್ ಮಾಡಿ, ಹೊಗೆಗಾಳಿಯ ಹತ್ತು ಲಕ್ಷ ಭಾಗಕ್ಕೆ ಹತ್ತಿಪ್ಪತ್ತು ಭಾಗದಂತೆ ಉಪಕರಣದ ಮುಂಗಡೆಯಲ್ಲಿ ಸೇರಿಸುವುದೇ ಇದರ ವಿಧಾನ. ಅಮೋನಿಯವನ್ನು ಸೇರಿಸುವುದು ಇನ್ನೊಂದು. ಇದು ಭಾರತದಲ್ಲಿಯೂ ಬಳಕೆಗೆ ಬಂದಿದೆ. ಇದರಿಂದ ಕಣಗಳು ಒಂದಕ್ಕೊಂದು ಅಂಟಿಕೊಂಡು, ಬಡಿದಾಗ ಮತ್ತೆ ಚದುರುವುದು ತಗ್ಗುವುದು.

ಸಂಸ್ಕಾರವು ಮಿತಿಯಲ್ಲಿದ್ದರೆ ಗುಣ, ಮೀರಿದರೆ ದೋಷ. ಟ್ರೈಆಕ್ಸೈಡ್ ಹೆಚ್ಚಾದರೆ ನಳಿಗೆಗಳು ಸವೆಯುವುವು, ಉಳಿದ ಆಮ್ಲವು ಚಿಮಣಿಯಿಂದ ನೀಲಿ ಮಂಜಾಗಿ ಹೊರಡುವುದು. ಅಮೋನಿಯ ಹೆಚ್ಚಾದರೆ ಬೂದಿಗೆ ವಾಸನೆ ಹತ್ತಿ, ಸಿಮೆಂಟಿಗೆ ಅದನ್ನು ಕೊಳ್ಳುವವರು ಹಿಂಜರಿಯುವರು.

೨೦೧೫ರ ಡಿಸೆಂಬರಿನ ನಿಯಮಗಳು ೨೦೦೪ರಿಂದ ೨೦೧೬ರ ವರೆಗೆ ಸ್ಥಾಪಿತವಾದ ಘಟಕಗಳಿಗೆ ಘನಮೀಟರಿಗೆ ೫೦ ಮಿಲಿಗ್ರಾಂ ಧೂಳಿನ ಮಿತಿಯನ್ನೂ, ೨೦೧೭ರಿಂದೀಚಿನವಕ್ಕೆ ೩೦ ಮಿಲಿಗ್ರಾಂ ಮಿತಿಯನ್ನೂ ವಿಧಿಸಿದುವು. ಒಂದು ಘನಮೀಟರ್ ಹೊಗೆಯಲ್ಲಿ ೪೦ ಗ್ರಾಂ ಬೂದಿಯಿದೆಯೆಂದು ಇಟ್ಟುಕೊಂಡರೆ, ೫೦ ಮಿಲಿಗ್ರಾಂ ಮಿತಿಗೆ ಎಂಟುನೂರರಲ್ಲಿ ಒಂದು ಪಾಲು ಮಾತ್ರ ತಪ್ಪಿಸಿಕೊಳ್ಳಬಹುದು. ಡಾಯ್ಚ್ ೧೯೨೨ರಲ್ಲಿ ಪ್ರತಿಪಾದಿಸಿದ ಸೂತ್ರದಂತೆ, ನೂರಕ್ಕೆ ೯೦ ಭಾಗ ಹಿಡಿಯುವ ಹಲಗೆಗಳ ವಿಸ್ತಾರವನ್ನು ಇಮ್ಮಡಿಸಿದರೆ ೯೯, ಮುಮ್ಮಡಿಸಿದರೆ ೯೯.೯ ಭಾಗ ಸಿಕ್ಕುವುದು. ಕೊನೆಯ ಅಲ್ಪಾಂಶಕ್ಕೆ ತಗಲುವ ವೆಚ್ಚವು ಮೊದಲಿನ ಬಹ್ವಂಶದ ವೆಚ್ಚಕ್ಕೆ ಸಮಾನವೆಂಬುದು ಇದರಿಂದ ತಿಳಿಯುವುದು. ಇದ್ದ ಉಪಕರಣಕ್ಕೆ ಸಂಸ್ಕಾರವನ್ನು ಸೇರಿಸಲು ಆಸೆಯಾಗುವುದು ಇದಕ್ಕಾಗಿಯೇ.

ಆದರೆ ಮೇಲಣ ಚರಿತ್ರೆಯನ್ನು ಪರ್ಯಾಲೋಚಿಸಿದರೆ, ಸಂಸ್ಕಾರವು ಸಾಕಷ್ಟು ಹಲಗೆಯಿಲ್ಲದ ಯಂತ್ರಕ್ಕೆ ಊರುಗೋಲಾಗಬಹುದಲ್ಲದೆ ಕಾಲಾಗಲಾರದೆಂದು ನಿರ್ಧರಿಸಬೇಕಾಗುವುದು. ಯಾವ ಕಲ್ಲಿದ್ದಲಿನ ಬೂದಿ ವಿದ್ಯುತ್ತನ್ನು ಎಷ್ಟು ತಡೆಯುವುದೆಂದು ಮೊದಲು ಅಳೆಯದೆ ಮದ್ದನ್ನು ಬೆರೆಸುವುದು ಯುಕ್ತವಲ್ಲ. ಕಲ್ಲಿದ್ದಲು ಬದಲಾದಂತೆ ಅಳತೆಯೂ ಮದ್ದಿನ ಪ್ರಮಾಣವೂ ಬದಲಾಗಬೇಕು. ಆ ಲೆಕ್ಕಗಳು ಸಾರ್ವಜನಿಕರ ಕೈಗೆ ಸಿಕ್ಕುವಂತಿರಬೇಕು. ಹಳೆಯ ದನಗಾಹಿಗಳು ಬರಹವನ್ನು ಬಿಡದಿದ್ದುದರಿಂದ ಅವರ ಬೂದಿಯನ್ನು ಅರ್ಥಮಾಡಿಕೊಳ್ಳಲು ವಿದ್ವಾಂಸರಿಗೆ ನೂರು ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ನಮ್ಮ ಬೂದಿಯ ವಿಷಯದಲ್ಲಿ ಅಷ್ಟು ಕಾಲ ಕಾಯುವಂತಿಲ್ಲ. ಅದನ್ನು ಉಸಿರಾಡುವವರು ಈ ಸೀಮೆಯಲ್ಲಿ ಈಗಲೇ ಇದ್ದಾರೆ.